ಕಿತ್ತೂರಿನ ಹದಿನಾರು ನಿಮಿಷ

ನಾನು ಹುಟ್ಟಿದಾಗಿನಿಂದ ಒಂದು ದಿನವೂ ಸೈಕಲ್ ತುಳಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಹದಿಮೂರು ವರ್ಷ ಸೈಕಲ್ ಸವಾರರಿಗೆ ‘ಇಂಥ ಊರನ್ನು ಇಷ್ಟು ಗಂಟೆಯೊಳಗೆ ಮುಟ್ಟಬೇಕು’ ಎಂದು ಗಡುವು ಹಾಕಿಕೊಟ್ಟವಳು ನಾನೇ. ಈಗ ಆ ಕೆಲಸ ಬಿಟ್ಟಿದ್ದೇನೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಂಕಿಗಳ ಪಟ್ಟಿ ನೋಡುವುದು ಸಾಕೆನಿಸಿತು. ಹೊಸಬರು ಬಂದಿದ್ದಾರೆ. ಅವರು ಆಗಾಗ ಫೋನ್ ಮಾಡಿ ಸೂತ್ರ ಕೇಳುತ್ತಾರೆ. ಸೂತ್ರ ಅರ್ಧ ಪುಟದಲ್ಲಿ ಮುಗಿಯುತ್ತದೆ. ಉಳಿದದ್ದನ್ನು ಬರೆದಿಡಲು ಕುಳಿತಿದ್ದೇನೆ.

ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನಿವೃತ್ತಿಗೆ ಇನ್ನೂ ಮೂರು ವರ್ಷ ಇರುವಾಗ ಒಂದು ಭಾನುವಾರ ಬೆಳಿಗ್ಗೆ ಮಹಾಂತೇಶ ಮನೆಗೆ ಬಂದ. ನನ್ನ ಹಳೆಯ ವಿದ್ಯಾರ್ಥಿ, ಆಗಲೇ ಊರಿನಲ್ಲಿ ಹಲ್ಲಿನ ಡಾಕ್ಟರಾಗಿ ಹೆಸರು ಮಾಡಿದ್ದ. ಶಾಲೆಯಲ್ಲಿದ್ದಾಗ ಬೀಜಗಣಿತದ ಪರೀಕ್ಷೆಯ ದಿನ ತಪ್ಪದೆ ಹೊಟ್ಟೆನೋವು ಬರಿಸಿಕೊಳ್ಳುತ್ತಿದ್ದ ಹುಡುಗ. ಗೆಳೆಯರನ್ನು ಕೂಡಿಸಿಕೊಂಡು ಒಂದು ಸೈಕಲ್ ಬಳಗ ಕಟ್ಟಿದ್ದ.

“ಅಕ್ಕೋರ, ಸ್ವಲ್ಪ ಲೆಕ್ಕಾ ಐತ್ರಿ. ನನಗ ಬಗಿಹರಿಯೂದಿಲ್ಲ,” ಎಂದು ಒಂದು ಹಾಳೆ ಮುಂದಿಟ್ಟ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ಡಾಕ್ಟರಾದರೂ ಅವನಿಗೆ ನಾನು ಅಕ್ಕೋರೇ.

ಬೆಳಿಗ್ಗೆ ಆರಕ್ಕೆ ಹೊರಟು ಇನ್ನೂರು ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ ತುಳಿದು ಮುಗಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ತಪಾಸಣೆಯ ಜಾಗಗಳಿರುತ್ತವೆ, ಅವಕ್ಕೆ ಕಂಟ್ರೋಲ್ ಅನ್ನುತ್ತಾರೆ. ಅಲ್ಲಿ ಕುಳಿತವರು ಸವಾರನ ಕಾರ್ಡಿನ ಮೇಲೆ ಬಂದ ಸಮಯ ಬರೆದು ಸಹಿ ಹಾಕಬೇಕು. ಪ್ರತಿ ಕಂಟ್ರೋಲಿಗೂ ತೆರೆಯುವ ಸಮಯ ಒಂದು, ಮುಚ್ಚುವ ಸಮಯ ಒಂದು. ತೆರೆಯುವ ಮೊದಲು ಬಂದರೆ ಕಾಯಬೇಕು, ಮುಚ್ಚಿದ ಮೇಲೆ ಬಂದರೆ ಆಟದಿಂದ ಹೊರಗೆ. ಆ ಎರಡು ಸಮಯಗಳನ್ನು ಯಾರಾದರೂ ಲೆಕ್ಕ ಹಾಕಬೇಕಿತ್ತು.

“ಗೆದ್ದವರಿಗೆ ಏನು ಕೊಡತೀರಿ?” ಎಂದು ಕೇಳಿದೆ.

“ಇದು ರೇಸ್ ಅಲ್ರಿ ಅಕ್ಕೋರ. ಮೊದಲ ಬಂದಾವ್ಗ ಕಪ್ಪಿಲ್ಲ, ಕಡೀಕ ಬಂದಾವ್ಗ ನಾಚಿಗಿಲ್ಲ. ಟೈಮಿನಾಗ ಮುಗಿಸಿದ್ರ ಎಲ್ಲಾರೂ ಒಂದ. ಎಲ್ಲಾರಿಗೂ ಒಂದ ಪದಕ.”

ಮೂವತ್ತು ವರ್ಷ ಮಕ್ಕಳಿಗೆ ಒಂದನೆಯ ನಂಬರು, ಎರಡನೆಯ ನಂಬರು ಕೊಡುತ್ತ ಬಂದವಳಿಗೆ ಆ ಮಾತು ಹಿತವಾಯಿತು. ಹಾಳೆ ಎಳೆದುಕೊಂಡೆ.

ನಮ್ಮ ದಾರಿ ಹೀಗಿತ್ತು. ಬೈಲಹೊಂಗಲದಿಂದ ಕಿತ್ತೂರಿಗೆ ಮೂವತ್ತು ಕಿಲೋಮೀಟರ್. ಅಲ್ಲಿಂದ ತಿರುಗಿ ಬೈಲಹೊಂಗಲ, ಅರವತ್ತು; ಅಲ್ಲಿ ಕಂಟ್ರೋಲ್ ಇಲ್ಲ. ಮುಂದೆ ಸವದತ್ತಿ, ತೊಂಬತ್ತಾರು. ರಾಮದುರ್ಗ, ನೂರಾ ಮೂವತ್ನಾಲ್ಕು. ಅದೇ ದಾರಿಯಲ್ಲಿ ಸವದತ್ತಿಯ ಮೇಲೆ ವಾಪಸು; ಇನ್ನೂರಕ್ಕೆ ಎಂಟು ಹೆಚ್ಚಾದರೂ ಕೊನೆಯ ಗಡುವು ಅದೇ. ಮುಚ್ಚುವ ಸಮಯದ ಲೆಕ್ಕ ಸುಲಭ: ತಾಸಿಗೆ ಹದಿನೈದು ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ ನಾಲ್ಕು ನಿಮಿಷ. ತೆರೆಯುವ ಸಮಯಕ್ಕೆ ತಾಸಿಗೆ ಮೂವತ್ನಾಲ್ಕರ ವೇಗ. ಅದು ಸರಿಯಾಗಿ ಭಾಗವಾಗುವುದಿಲ್ಲ. ಅಲ್ಲಿಯೇ ನಾನು ಮೊದಲ ಸಲ ಎಡವಿದೆ.

ಸವದತ್ತಿಯ ತೊಂಬತ್ತಾರನ್ನು ಮೂವತ್ನಾಲ್ಕರಿಂದ ಭಾಗಿಸಿದರೆ ಎರಡು ಬಿಂದು ಎಂಬತ್ತೆರಡು ಬರುತ್ತದೆ. ಅದು ಎರಡು ತಾಸು ನಲವತ್ತೊಂಬತ್ತು ನಿಮಿಷ. ನಾನು ಏನು ಮಾಡಿದೆ? ಬಿಂದುವಿನ ಮುಂದಿನ ಎಂಬತ್ತೆರಡನ್ನು ನಿಮಿಷ ಎಂದುಕೊಂಡು ಮೂರು ತಾಸು ಇಪ್ಪತ್ತೆರಡು ನಿಮಿಷ ಎಂದು ಬರೆದೆ. ಇದೇ ತಪ್ಪಿಗೆ ಎಷ್ಟು ಮಕ್ಕಳಿಂದ ಹತ್ತು ಹತ್ತು ಸಲ ತಿದ್ದಿ ಬರೆಸಿದ್ದೆನೋ ಲೆಕ್ಕವಿಲ್ಲ.

ನಮ್ಮ ಮೊದಲ ಓಟದ ದಿನ ಸೈನ್ಯದಲ್ಲಿದ್ದ ಒಬ್ಬ ತರುಣ ಎಂಟು ಐವತ್ತೈದಕ್ಕೇ ಸವದತ್ತಿ ಮುಟ್ಟಿದ. ಪಟ್ಟಿಯ ಪ್ರಕಾರ ಕಂಟ್ರೋಲ್ ಒಂಬತ್ತು ಇಪ್ಪತ್ತೆರಡಕ್ಕೆ ತೆರೆಯಬೇಕು. ಇಪ್ಪತ್ತೇಳು ನಿಮಿಷ ಬೇವಿನ ಮರದ ಕೆಳಗೆ ನಿಂತ. ಸಂಜೆ ನನ್ನ ಮುಂದೆ ಬಂದು, “ಅಕ್ಕೋರ, ನಾ ಲಗೂನ ಬಂದದ್ದಕ್ಕ ಶಿಕ್ಷಾ ಕೊಟ್ರೇನ್ರಿ?” ಎಂದು ನಕ್ಕ. ಮನೆಗೆ ಬಂದು ನೋಡಿದಾಗ ತಪ್ಪು ಸಿಕ್ಕಿತು. ಮರುದಿನ ಮಹಾಂತೇಶನಿಗೆ ಹೇಳಿದೆ. ಅವನು, “ಅಕ್ಕೋರ, ನೀವೂ ತಪ್ಪು ಮಾಡ್ತೀರಿ ಅಂತ ಹತ್ತನೇ ಕ್ಲಾಸಿನಾಗ ಗೊತ್ತಾಗಿದ್ರ ನಾ ಲೆಕ್ಕಕ್ಕ ಇಷ್ಟು ಹೆದರ್ತಿರ್ಲಿಲ್ರಿ,” ಅಂದ.

ದೂರ ಅಳೆಯುವ ಕೆಲಸವೂ ನನ್ನದೇ ಆಗಿತ್ತು. ಈಗಿನವರು ಮೊಬೈಲಿನಲ್ಲಿ ಬೆರಳಾಡಿಸಿ ಅಳೆಯುತ್ತಾರೆ. ಆಗ ನಮ್ಮ ಮನೆಯವರು ಸ್ಕೂಟರ್ ಹೊಡೆಯುತ್ತಿದ್ದರು, ನಾನು ಹಿಂದೆ ಕುಳಿತು ಮೀಟರ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಮುನವಳ್ಳಿಯ ಹತ್ತಿರ ಅವರು ಹಾಡು ಗುನುಗಲು ಶುರುಮಾಡಿದರೆ ನನಗೆ ಅಂಕಿ ತಪ್ಪುತ್ತಿತ್ತು. ಒಮ್ಮೆ ಅದಕ್ಕೇ ತಿರುಗಿ ಹತ್ತು ಕಿಲೋಮೀಟರ್ ಹಿಂದೆ ಹೋದೆವು. ಅವರು ಬೇಸರಪಡಲಿಲ್ಲ. ಬಿಳಿಜೋಳ ಎದೆಮಟ್ಟ ಬೆಳೆದು ನಿಂತ ಕಾಲ. “ಮತ್ತೊಮ್ಮೆ ನೋಡಿದಂಗ ಆತು,” ಅಂದರು.

ನಮ್ಮ ಮೇಲಿನವರು ಜೋಶಿ ಸರ್. ನಮ್ಮ ಭಾಗದ ಎಲ್ಲ ಬಳಗಗಳ ಫಲಿತಾಂಶವನ್ನು ಒಪ್ಪಿ ಹೊರದೇಶದ ಮೂಲ ಸಂಸ್ಥೆಗೆ ಕಳಿಸುವವರು ಅವರು. ನಿವೃತ್ತ ಎಂಜಿನಿಯರು. ಹದಿಮೂರು ವರ್ಷದಲ್ಲಿ ನಾನು ಅವರನ್ನು ಕಂಡದ್ದು ಎರಡೇ ಸಲ, ಉಳಿದದ್ದೆಲ್ಲ ಫೋನಿನಲ್ಲಿ. ಒಂದು ವರ್ಷ ಸವದತ್ತಿಯಿಂದ ರಾಮದುರ್ಗದ ತನಕ ಎದುರುಗಾಳಿ ಎಷ್ಟು ಬೀಸಿತೆಂದರೆ ಎಂಟು ಮಂದಿಗೆ ಕೆಲವೇ ನಿಮಿಷಗಳಿಂದ ಗಡುವು ತಪ್ಪಿತು. ಹತ್ತು ನಿಮಿಷ ರಿಯಾಯಿತಿ ಕೊಡಿ ಎಂದು ಫೋನ್ ಮಾಡಿದೆ.

“ಗಾಳಿ ಯಾವ ಕಾಲಂದಾಗ ಬರೀಬೇಕ್ರಿ, ಮೇಡಂ?” ಎಂದು ಕೇಳಿದರು.

ಬಹಳ ದಿನ ಅವರ ಮೇಲೆ ಸಿಟ್ಟಿತ್ತು. ಆಮೇಲೆ ನನ್ನ ಪಟ್ಟಿಗೂ ಅಷ್ಟೇ ಬಿಗಿ ಬಂತು. ಹಾಳೆಯಲ್ಲಿ ಇದ್ದದ್ದು ಸರಿ, ಇಲ್ಲದ್ದು ಇಲ್ಲ ಎಂದು ಕುಳಿತೆ. ಕಿತ್ತೂರಿನಲ್ಲಿ ಆದದ್ದಕ್ಕೆ ಆ ಬಿಗಿಯೂ ಒಂದು ಕಾರಣ.

ಮುಂದಿನ ಮಾತು ಹೇಳುವ ಮೊದಲು ಒಂದು ನಿಯಮ ಹೇಳಬೇಕು. ಕೆಲವು ವರ್ಷಗಳ ನಂತರ ಮೂಲ ಸಂಸ್ಥೆಯವರು ಲೆಕ್ಕದಲ್ಲಿ ಒಂದು ಬದಲಾವಣೆ ಮಾಡಿದರು. ಶುರುವಿನಲ್ಲಿಯೇ ಪಂಚರ್ ಆದವರು, ದಾರಿ ತಪ್ಪಿದವರು ಮೊದಲ ಕಂಟ್ರೋಲಿನಲ್ಲೇ ಹೊರಬೀಳುತ್ತಿದ್ದರು. ಮುಂದೆ ಹೋದ ಸಮಯ ತುಂಬಿಕೊಳ್ಳುವ ಶಕ್ತಿ ಇದ್ದರೂ ಅವಕಾಶ ಸಿಗುತ್ತಿರಲಿಲ್ಲ. ಅದಕ್ಕೆ ಮೊದಲ ಅರವತ್ತು ಕಿಲೋಮೀಟರಿಗೆ ಬೇರೆ ಲೆಕ್ಕ ತಂದರು: ಕಿಲೋಮೀಟರಿಗೆ ಮೂರು ನಿಮಿಷ, ಅದರ ಮೇಲೆ ಒಂದು ತಾಸು. ಅರವತ್ತು ಮುಟ್ಟುವ ಹೊತ್ತಿಗೆ ಹಳೆಯ ಲೆಕ್ಕ, ಹೊಸ ಲೆಕ್ಕ ಎರಡೂ ಕೂಡುತ್ತವೆ. ಒಳ್ಳೆಯ ಮನಸ್ಸಿನವರು ಮಾಡಿದ ನಿಯಮ. ಆ ಪತ್ರ ನನಗೂ ಬಂದಿತ್ತು. ಓದಿದ್ದೆ. ಓದಿ, ಮಡಚಿ, ಹಳೆಯ ನೋಟ್‌ಬುಕ್ಕಿನಲ್ಲಿಟ್ಟಿದ್ದೆ. ಆ ಋತುವಿನ ಮೊದಲ ಓಟಕ್ಕೆ ಪಟ್ಟಿ ಮಾಡುವಾಗ ವರ್ಷಗಟ್ಟಲೆ ರೂಢಿಯಾದ ಹಳೆಯ ಕೋಷ್ಟಕವನ್ನೇ ನೋಡಿ ಬರೆದೆ. ಕಿತ್ತೂರು, ಮೂವತ್ತು ಕಿಲೋಮೀಟರ್, ಎಂಟು ಗಂಟೆಗೆ ಮುಚ್ಚುವುದು.

ಆ ದಿನ ಕಿತ್ತೂರಿನ ಕಂಟ್ರೋಲಿನಲ್ಲಿ ಕುಳಿತವಳೂ ನಾನೇ. ಚಹಾದಂಗಡಿಯ ಮುಂದೆ ಒಂದು ಟೇಬಲ್, ಎರಡು ಕುರ್ಚಿ. ಎಂಟರೊಳಗೆ ಎಲ್ಲರೂ ಬಂದು ಹೋದರು, ಒಬ್ಬರ ಹೊರತು. ಸವದತ್ತಿ ತಾಲೂಕಿನ ಹೂಲಿಯ ಫಕೀರಪ್ಪ. ಊರೂರಿಗೆ ಸೈಕಲ್ ಮೇಲೆ ಟಪಾಲು ಹಂಚಿ ನಿವೃತ್ತರಾದವರು, ವಯಸ್ಸು ಅರವತ್ತು ದಾಟಿತ್ತು. ಉಳಿದವರದು ಬೆರಳಲ್ಲಿ ಎತ್ತುವಂಥ ಹಗುರ ಸೈಕಲ್ಲು. ಇವರದು ಹಿಂದೆ ಕ್ಯಾರಿಯರ್ ಇದ್ದ ಅದೇ ಕರಿ ಸೈಕಲ್ಲು. ಹೆಸರು ಬರೆಸಲು ಬಂದಾಗ ಯಾಕೆ ಈ ಆಸೆ ಎಂದು ಕೇಳಿದ್ದೆ. “ಇಷ್ಟು ವರ್ಷ ಐದು ಹಳ್ಳಿ ಸುತ್ತಿ ಸುತ್ತಿ ಮನಿಗೆ ಬಂದೇನ್ರಿ. ಇದು ಸೀದಾ ಎಷ್ಟು ದೂರ ಹೊಕ್ಕೈತಿ ನೋಡೂಣಂತ,” ಎಂದು ಸೈಕಲ್ಲಿನ ಸೀಟು ತಟ್ಟಿದ್ದರು.

ಅವರು ಬಂದು ಇಳಿದಾಗ ಅಂಗೈ ತುಂಬ ಎಣ್ಣೆ ಮಸಿ. ಅಂಗಿಗೆ ಒರೆಸಿಕೊಂಡು ಕಾರ್ಡು ಚಾಚಿದರು.

“ಪಂಚರ್ ಆತ್ರಿ ಅಕ್ಕೋರ. ಒಂದಲ್ಲ, ಎರಡು.”

ಗಡಿಯಾರ ನೋಡಿದೆ. ಎಂಟು ಹದಿನಾಲ್ಕು. ನನ್ನ ಹಾಳೆಯಲ್ಲಿ ಅವರ ನಂಬರಿನ ಮುಂದೆ ಸಮಯ ಬರೆದೆ. ಕಾರ್ಡನ್ನು ಮಾತ್ರ ಮುಟ್ಟಲಿಲ್ಲ.

“ಫಕೀರಪ್ಪ ಅವರ, ಟೈಮ್ ಮುಗದದ. ಸಹಿ ಹಾಕಲಿಕ್ಕೆ ಬರೂದಿಲ್ಲ,” ಅಂದೆ. ಗಂಟೆ ಹೊಡೆದ ಮೇಲೆ ಉತ್ತರಪತ್ರಿಕೆ ಕಸಿದುಕೊಳ್ಳುವಾಗಿನ ದನಿ ಅದು. ಕುರ್ಚಿಯಿಂದ ಏಳಲೂ ಇಲ್ಲ.

“ಎಷ್ಟು ತಡಾ ಆತ್ರಿ?”

“ಹದಿನಾಲ್ಕು ನಿಮಿಷ.”

ಅವರು ಚಾಚಿದ ಕಾರ್ಡನ್ನು ಹಿಂದೆ ತೆಗೆದುಕೊಂಡರು. “ಮುಂದ ಹೋದ್ರ ನಡೀತೈತೇನ್ರಿ?”

“ರಸ್ತೆ ಎಲ್ಲಾರದೂ ಅದ. ಆದ್ರ ಲೆಕ್ಕಕ್ಕ ಬರೂದಿಲ್ಲ.”

“ಹೌದ್ರಿ,” ಎಂದು ಅರ್ಧ ಕಪ್ಪು ಚಹಾ ಕುಡಿದು, ಬಂದ ದಾರಿಗೆ ಸೈಕಲ್ ತಿರುಗಿಸಿದರು. ಮನೆಗೆ ಹೋದರು ಎಂದುಕೊಂಡೆ.

ಹೋಗಿರಲಿಲ್ಲ. ಸವದತ್ತಿಯಲ್ಲಿ ಕುಳಿತಿದ್ದ ಮಹಾಂತೇಶನ ಮುಂದೆ ಹನ್ನೆರಡು ಐದಕ್ಕೆ ಪ್ರತ್ಯಕ್ಷರಾದರು. ನಾನು ಫೋನ್ ಮಾಡಿ ಅವರು ಹೊರಗಾದ ಸುದ್ದಿ ತಿಳಿಸಿದ್ದೆ. “ಸುಮ್ನ ನೆನಪಿಗಂತ ಒಂದು ಸಹಿ ಹಾಕ್ರಿ ಡಾಕ್ಟರ,” ಎಂದು ಕೇಳಿದರಂತೆ. ಮಹಾಂತೇಶ ಸಮಯ ಬರೆದು ಸಹಿ ಹಾಕಿದ. ರಾಮದುರ್ಗದಲ್ಲಿ ಮಲಪ್ರಭೆಯ ಸೇತುವೆ ಹತ್ತಿರ ಕುಳಿತವರೂ ಹಾಕಿದರು. ವಾಪಸು ಸವದತ್ತಿಯಲ್ಲಿ ಮತ್ತೊಂದು. ಸಂಜೆ ಏಳು ಹತ್ತಕ್ಕೆ ಫಕೀರಪ್ಪ ಬೈಲಹೊಂಗಲದಲ್ಲಿ ನನ್ನೆದುರಿಗೆ ಸೈಕಲ್ ಇಳಿದರು. ಏಳೂವರೆ ಕೊನೆಯ ಗಡುವು. ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತರು.

“ಭಾಳ ಚಲೋ ತುಳದ್ರಿ,” ಅಂದೆ, ಕೊನೆಯ ಸಹಿ ಹಾಕುತ್ತ.

“ಲೆಕ್ಕಕ್ಕಿಲ್ಲದ್ದು ನೋಡ್ರಿ, ಅದಕ್ಕ ಹಗುರ ಅನಸ್ತು,” ಎಂದು ನಕ್ಕರು. “ಕಾರ್ಡು ನಾ ಇಟ್ಕೋಬಹುದೇನ್ರಿ?”

ಇಟ್ಟುಕೊಳ್ಳಿ ಎಂದೆ. ಉಳಿದವರ ಕಾರ್ಡುಗಳನ್ನು ಕೂಡಿಸಿ ಮರುದಿನ ಫಲಿತಾಂಶ ಕಳಿಸಿದೆವು.

ನಾಲ್ಕನೆಯ ದಿನ ಮುಂದಿನ ತಿಂಗಳ ಓಟದ ಪಟ್ಟಿ ಮಾಡಲು ನೋಟ್‌ಬುಕ್ ತೆರೆದಾಗ ಆ ಪತ್ರ ಜಾರಿ ಕೆಳಗೆ ಬಿತ್ತು. ಎತ್ತಿಕೊಂಡು ಓದಿದೆ. ಮೂವತ್ತು ಕಿಲೋಮೀಟರಿಗೆ ಮೂರರಂತೆ ತೊಂಬತ್ತು ನಿಮಿಷ, ಮೇಲೊಂದು ತಾಸು. ಎರಡೂವರೆ ತಾಸು. ಕಿತ್ತೂರು ಮುಚ್ಚಬೇಕಾದದ್ದು ಎಂಟೂವರೆಗೆ. ಮೂರು ಸಲ ಮಾಡಿದೆ. ಮೂರು ಸಲವೂ ಎಂಟೂವರೆ. ಫಕೀರಪ್ಪ ಹದಿನಾಲ್ಕು ನಿಮಿಷ ತಡವಾಗಿ ಬಂದಿರಲಿಲ್ಲ, ಹದಿನಾರು ನಿಮಿಷ ಮೊದಲೇ ಬಂದಿದ್ದರು. ಉಳಿದೆಲ್ಲ ಕಡೆ ಸಮಯದೊಳಗೇ ಇದ್ದರು.

ಮಹಾಂತೇಶನ ದವಾಖಾನೆಗೆ ಹೋದೆ. ನಡೆದದ್ದನ್ನು ಹೇಳಿದೆ. ಅವನು, “ಪಟ್ಟಿ ನಾ ಮಾಡಿದ್ದೆ ಅಂತ ಜೋಶಿ ಸರ್‌ಗೆ ಬರಿತೇನ್ರಿ. ನಿಮ್ಮ ಹೆಸರು ಯಾಕ್ರಿ ಅಕ್ಕೋರ, ಈ ವಯಸ್ಸಿನ್ಯಾಗ?” ಅಂದ.

“ನಕಲು ಮಾಡಬ್ಯಾಡ್ರಿ ಅಂತ ನಿಮಗೆಲ್ಲಾ ಹೇಳಿಕೋತ ಬಂದು, ಈಗ ನಾ ನಿನ್ನ ಹೆಸರಿನ ಹಿಂದ ಅಡಗಲೇನೋ?” ಅಂದೆ. ಅವನ ಕಣ್ಣು ತುಂಬಿತ್ತು. ನನ್ನದೂ.

ಜೋಶಿ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. “ನಿಮ್ಮ ಕೈಲೆ ಪತ್ರ ಬರೀರಿ. ಕಿತ್ತೂರಿನ ಹಾಳಿ ಕಳಸ್ರಿ. ಅವರ ಕಾರ್ಡೂ ಬೇಕು. ಕಾರ್ಡು ಸಿಗಲಿಲ್ಲಂದ್ರ ನನ್ನ ಕೈಲೆ ಏನೂ ಆಗೂದಿಲ್ಲ, ಮೇಡಂ,” ಅಂದರು.

ಮರುದಿನ ಬಸ್ಸು ಹಿಡಿದು ಸವದತ್ತಿ, ಅಲ್ಲಿಂದ ಹೂಲಿ. ಹಳೆಯ ಗುಡಿಗಳ ಸಾಲು ದಾಟಿ ಅವರ ಮನೆ. ಕರಿ ಸೈಕಲ್ಲು ಗೋಡೆಗೆ ಆನಿಸಿ ನಿಂತಿತ್ತು, ಅದರ ಮೇಲೆ ಒಣಗಲು ಹಾಕಿದ ಗೋಣಿಚೀಲ. ಬಾಗಿಲಲ್ಲಿ ಅವರ ಹೆಂಡತಿ ಗಂಗವ್ವ.

“ಹೊಲಕ್ಕ ಹೋಗ್ಯಾರ್ರಿ, ಬರ್ತಾರ. ಒಳಗ ಬರ್ರಿ ಅಕ್ಕೋರ, ಕುಂದರ್ರಿ,” ಎಂದು ಚಾಪೆ ಹಾಸಿದರು. ನೀರು ಕೊಟ್ಟು ಎದುರಿಗೆ ಕುಳಿತು ಹೇಳಿದರು: “ಅವತ್ತಿಂದ ಸೈಕಲ್ ಮುಟ್ಟಿಲ್ರಿ. ಹೋಟೆಲ್ ಕಡೆ ಹೋಗೂದೂ ಬಿಟ್ಟಾರ. ಅಲ್ಲಿ ಮಂದಿ, ಏನೋ ಫಕೀರಪ್ಪ, ನಿನ್ನ ಟಪಾಲು ತಡಾ ಆತಂತಲ್ಲಾ ಅಂತ ನಗ್ತಾರ. ಇವರು ಹಂಗ ಅನಿಸ್ಕೊಂಡ ಮನಶ್ಯಾ ಅಲ್ರಿ.”

ಕಾರ್ಡು ಎಲ್ಲಿದೆ ಎಂದು ಕೇಳಿದೆ.

“ಆ ದಪ್ಪ ಕಾಗದೇನ್ರಿ? ಒಲಿಗೆ ಹಾಕು ಅಂದ್ರು.”

ಗಂಗವ್ವ ಎದ್ದು ಅಡಿಗೆಮನೆಯ ಗೂಡಿನಲ್ಲಿ ಹಿಟ್ಟಿನ ಡಬ್ಬಿ ಸರಿಸಿದರು. “ಹಾಕ್ಲಿಲ್ರಿ. ನಾಕ ಸಹಿ ಅದಾವ. ಸಹಿ ಇದ್ದ ಕಾಗದ ಸುಡಬಾರದು ಅಂತ ಅವರ ನನಗ ಹೇಳಿಕೊಟ್ಟಿದ್ರು, ಮದವಿಯಾದ ಹೊಸದರಾಗ.” ಹಿಟ್ಟಿನ ಧೂಳು ಕೊಡವಿ ಕಾರ್ಡನ್ನು ನನ್ನ ಕೈಯಲ್ಲಿಟ್ಟರು. ಅದರಲ್ಲಿ ಕಿತ್ತೂರಿನ ಚೌಕ ಖಾಲಿ. ಉಳಿದವು ಎಲ್ಲ ತುಂಬಿದ್ದವು.

ಫಕೀರಪ್ಪ ಬಂದರು. ನಿಂತುಕೊಂಡೇ ಎಲ್ಲ ಹೇಳಿದೆ. ನಿಯಮ, ಪತ್ರ, ಹಳೆಯ ಕೋಷ್ಟಕ. ಮುಚ್ಚುಮರೆ ಮಾಡಲಿಲ್ಲ.

“ಹಂಗಾರ ನಾ ತಡಾ ಮಾಡಿರ್ಲಿಲ್ಲ,” ಅಂದರು.

“ಇಲ್ರಿ. ಹದಿನಾರು ನಿಮಿಷ ಮೊದಲ ಬಂದಿದ್ರಿ. ತಪ್ಪು ನಂದು.”

ಅವರ ಮುಖ ಬಿಗಿಯಿತು. “ಅಕ್ಕೋರ, ನನಗ ಸಿಟ್ಟು ಬಂದೈತ್ರಿ. ನಿಮ್ಮ ಮ್ಯಾಲನ. ನೀವು ಸ್ವಲ್ಪ ಕುಂದರ್ರಿ, ಇಳೀತೈತಿ.” ಹಾಗೆಂದು ಹಿತ್ತಲಿಗೆ ಹೋದರು. ನೀರು ಸುರಿದುಕೊಳ್ಳುವ ಸಪ್ಪಳ ಕೇಳಿಸಿತು. ಗಂಗವ್ವ ನನಗೆ ಚಹಾ ಕೊಟ್ಟರು. ಬಹಳ ಹೊತ್ತಿನ ಮೇಲೆ ಫಕೀರಪ್ಪ ತಲೆ ಒರೆಸಿಕೊಳ್ಳುತ್ತ ಬಂದರು.

“ಹೋಟೆಲ್ ತನಕಾ ಬರ್ತೀರೇನ್ರಿ? ಈಗ ಹೇಳಿದ್ದನ್ನ ಅಲ್ಲಿ ಹೇಳ್ರಿ.”

ಹೋದೆ. ಭಜಿಯ ಬಾಣಲೆಯ ಮುಂದೆ ಏಳೆಂಟು ಮಂದಿ ಕುಳಿತಿದ್ದರು. ಮೂವತ್ತು ವರ್ಷ ತರಗತಿಯ ಮುಂದೆ ನಿಂತವಳಿಗೆ ಅಲ್ಲಿ ನಿಲ್ಲುವುದು ಕಷ್ಟವಾಯಿತು. “ನಾ ಬೈಲಹೊಂಗಲದಾಗ ಗಣಿತದ ಅಕ್ಕೋರು ಇದ್ದೆ. ಆ ದಿನ ಲೆಕ್ಕಾ ತಪ್ಪು ಹಾಕಿದಾಕಿ ನಾನು. ಫಕೀರಪ್ಪನವರು ಎಲ್ಲೂ ತಡಾ ಮಾಡಿಲ್ಲ. ಎಲ್ಲಾ ಟೈಮಿನಾಗ ಮುಗಿಸ್ಯಾರ,” ಅಂದೆ.

ಯಾರೂ ನಗಲಿಲ್ಲ. ಒಬ್ಬ ಮುದುಕರು, “ಅಕ್ಕೋರ ಲೆಕ್ಕಾನೂ ತಪ್ಪತಾವೇನ್ರಿ?” ಎಂದು ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು.

“ತಪ್ಪತಾವ್ರಿ,” ಅಂದೆ.

ಅವರು ಬೆಂಚಿನ ಮೇಲೆ ಸರಿದು ಜಾಗ ಮಾಡಿದರು. ಫಕೀರಪ್ಪ ನನ್ನನ್ನು ಕೂರಿಸಿ, ತಾವೂ ಕುಳಿತು, ತಟ್ಟೆ ನನ್ನ ಕಡೆ ಸರಿಸಿದರು. “ತಿನ್ರಿ. ಬಿಸಿ ಅದಾವ.”

ಒಂದು ತಿಂಗಳು ಕಳೆದು ಜೋಶಿ ಸರ್ ಫೋನ್ ಮಾಡಿದರು. “ಒಪ್ಪೀವಿ,” ಎಂದಷ್ಟೇ ಹೇಳಿದರು. ಫೋನ್ ಇಡುವ ಮುಂಚೆ, “ಮೇಡಂ, ಇಂಥಾ ಪತ್ರ ನನಗ ಇದ ಮೊದಲ ಬಂದದ್ದು,” ಅಂದರು. ಪದಕ ರಿಜಿಸ್ಟರ್ ಟಪಾಲಿನಲ್ಲಿ ಹೂಲಿಗೆ ಹೋಯಿತು. ಅವತ್ತೇ ಫಕೀರಪ್ಪನವರ ಫೋನು: “ನನ್ನ ಹೆಸರೀಲೆ ಬಂತ್ರಿ. ಇಷ್ಟು ವರ್ಷ ಮಂದಿ ಕಡೆ ಸಹಿ ಮಾಡಿಸ್ಕೋತಿದ್ದೆ, ಇವತ್ತು ನಾ ಮಾಡಿ ತಗೊಂಡೆ.”

ಆಮೇಲೆ ನಾನು ಒಂದು ರೂಢಿ ಮಾಡಿಕೊಂಡೆ. ನಾನು ಮಾಡಿದ ಪಟ್ಟಿಯನ್ನು ಇನ್ನೊಬ್ಬರು ತಾವೇ ಮೊದಲಿನಿಂದ ಲೆಕ್ಕ ಹಾಕಿ ಸರಿ ಅನ್ನುವ ತನಕ ಅದು ಹೊರಗೆ ಹೋಗಕೂಡದು. ಈಗ ಮೊಬೈಲ್ ತಾನೇ ಲೆಕ್ಕ ಹಾಕಿಕೊಡುತ್ತದೆ; ಆದರೂ ಬಿಡಬೇಡಿ. ಅದಕ್ಕೆ ದೂರ ಹೇಳುವವರು ನೀವೇ, ನಿಯಮ ಓದುವವರೂ ನೀವೇ.

ಫಕೀರಪ್ಪ ಮತ್ತೆರಡು ಸಲ ತುಳಿದರು. ಮೊಣಕಾಲು ಬೇಡವೆಂದ ಮೇಲೆ ಸವದತ್ತಿಯ ಕಂಟ್ರೋಲಿನಲ್ಲಿ ನನ್ನ ಪಕ್ಕ ಕುಳಿತುಕೊಳ್ಳತೊಡಗಿದರು. ಸಮಯ ಮೀರಿ ಬಂದವರಿಗೆ ಹೇಗೆ ಹೇಳಬೇಕೆಂದು ನಾನು ಕಲಿತದ್ದು ಅವರಿಂದ. ಅವರು ಮೊದಲು ಏಳುತ್ತಿದ್ದರು. ಸೈಕಲ್ ತಾವು ಹಿಡಿದುಕೊಂಡು ಬಂದವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸುತ್ತಿದ್ದರು. ನೀರು ಕುಡಿಸುತ್ತಿದ್ದರು. ಹೇಳುವುದು ಆಮೇಲೆ.

ಒಮ್ಮೆ ರಾಮದುರ್ಗದ ದವಾಖಾನೆಯಲ್ಲಿ ನರ್ಸ್ ಆಗಿದ್ದ ರೂಪಾ ಎಂಬಾಕೆ ಹನ್ನೆರಡು ಇಪ್ಪತ್ತೆಂಟಕ್ಕೆ ಬಂದಳು. ಸವದತ್ತಿ ಮುಚ್ಚುವುದು ಹನ್ನೆರಡು ಇಪ್ಪತ್ನಾಲ್ಕಕ್ಕೆ. ಫಕೀರಪ್ಪ ಎದ್ದರು, ಕೂರಿಸಿದರು, ನೀರು ಕೊಟ್ಟರು. “ತಂಗಿ, ಟೈಮ್ ನಾಕ ನಿಮಿಷದ ಹಿಂದ ಮುಗದೈತವ್ವ,” ಅಂದರು.

ಆಕೆ ತಂಬಿಗೆ ಕೆಳಗಿಟ್ಟಳು. “ಯಾವ ಲೆಕ್ಕಾದಾಗ್ರಿ? ತೋರಸ್ರಿ.”

ಫಕೀರಪ್ಪ ನನ್ನ ಮುಖ ನೋಡಿದರು. ನಾನು ಹಾಳೆ, ಪೆನ್ಸಿಲ್ ಎರಡನ್ನೂ ಆಕೆಯ ಕಡೆ ಸರಿಸಿದೆ. ತೊಂಬತ್ತಾರು ನಾಲ್ಕಲೆ ಮುನ್ನೂರಾ ಎಂಬತ್ನಾಲ್ಕು. ಆರು ತಾಸು ಇಪ್ಪತ್ನಾಲ್ಕು ನಿಮಿಷ. “ಮೊದಲಿನ ಅರವತ್ತಕ್ಕ ಹೆಚ್ಚಿನ ಟೈಮ್ ಐತಲ್ರಿ?” ಎಂದು ಕೇಳಿದಳು. ಅದು ಅರವತ್ತಕ್ಕೆ ತೀರಿಹೋಗುತ್ತದೆ ಎಂದೆ. ನಂಬಲಿಲ್ಲ, ಅದನ್ನೂ ಗುಣಿಸಿ, ಕೂಡಿಸಿ ನೋಡಿದಳು. ಆಕೆಯ ಬೆವರು ಹಾಳೆಯ ಮೇಲೆ ಬೀಳುತ್ತಿತ್ತು. ನಾನು ಉಸಿರು ಹಿಡಿದು ಕುಳಿತಿದ್ದೆ, ನನ್ನ ಉತ್ತರಪತ್ರಿಕೆ ಯಾರೋ ತಿದ್ದುತ್ತಿದ್ದಾರೆ ಅನ್ನುವಂತೆ.

“ಸರಿ ಐತ್ರಿ ಅಕ್ಕೋರ,” ಅಂದಳು. “ತಡಾ ಮಾಡಿದ್ದು ನಾನ.” ಆಮೇಲೆ ಸ್ವಲ್ಪ ಅತ್ತಳು.

ಫಕೀರಪ್ಪ ಅವಲಕ್ಕಿಯ ತಟ್ಟೆ ತಂದು ಕೊಟ್ಟರು. ಹಸಿದಿದ್ದಳು, ಬೇಗ ಬೇಗ ತಿಂದಳು. ಈಗ ನಮ್ಮ ಬಳಗದ ಪಟ್ಟಿಗಳನ್ನೆಲ್ಲ ಮಾಡುವವಳು ಆಕೆಯೇ. ಅವತ್ತು ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ತಟ್ಟೆ ಅರ್ಧ ಖಾಲಿಯಾದಾಗ ಕಣ್ಣೊರೆಸಿಕೊಂಡು ನನ್ನ ಹಾಳೆಯನ್ನು ಮತ್ತೆ ಎಳೆದುಕೊಂಡಳು.

“ರಾಮದುರ್ಗಾ ಎಷ್ಟಕ್ಕ ಮುಚ್ಚತೈತಿ, ಹೇಳಬ್ಯಾಡ್ರಿ. ನಾ ಹಾಕ್ತೇನಿ, ನೀವು ನೋಡ್ರಿ.”